ನಿದ್ದೆ ಗುಳಿಗೆ ಶುರು ಮಾಡಿದವರೇ ಬಿಡಿಸುವ ದಾರಿಯನ್ನೂ ಹೇಳಲಿ: ಒಂದು ಹಕ್ಕೊತ್ತಾಯ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ಅಲ್ಪ್ರಾಜೊಲಾಮ್, ಕ್ಲೊನಾಜೆಪಾಮ್, ಲೊರಾಜೆಪಾಮ್, ಡಯಾಜೆಪಾಮ್: ಊರಲ್ಲಿ ಇವೆಲ್ಲಕ್ಕೂ ನಿದ್ದೆ ಗುಳಿಗೆ ಎಂದೇ ಹೆಸರು. ಆತಂಕ ತಡೆಯಲಾಗದ ಹೊತ್ತಿನಲ್ಲಿ, ಫಿಟ್ಸ್ ನಿಲ್ಲಿಸಬೇಕಾದಾಗ ಇವು ಬೇಕೇ ಬೇಕು. ನಿಷೇಧಿಸಿ ಎಂದು ನಾವು ಕೇಳುತ್ತಿಲ್ಲ. ಎರಡು ವಾರಕ್ಕೆಂದು ಬರೆದ ಗುಳಿಗೆ ವರ್ಷಗಟ್ಟಲೆ ನಡೆಯುತ್ತದಲ್ಲ, ನಮ್ಮ ತಕರಾರು ಅದರ ಬಗ್ಗೆ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ, ಚಿಕಿತ್ಸೆಯ ಅಗತ್ಯವಿಲ್ಲದೆ ಇಂಥ ಔಷಧಿ ಬಳಸುವವರು ದೇಶದಲ್ಲಿ ಸುಮಾರು 1.18 ಕೋಟಿ. ಗುಳಿಗೆ ಬಿಟ್ಟವರು, ಬಿಡಲು ಹೆಣಗುತ್ತಿರುವವರು ಮತ್ತು ಅವರ ಮನೆಯವರಾದ ನಾವು ಮುಂದಿಡುವ ಬೇಡಿಕೆಗಳು ಇವು.

1. ಚೀಟಿಯಲ್ಲಿ ಗುಳಿಗೆ ನಿಲ್ಲಿಸುವ ದಿನವನ್ನೂ ಬರೆಯುವುದು ಕಡ್ಡಾಯವಾಗಲಿ. ದಿನವೂ ನುಂಗುವುದಾದರೆ ಎರಡರಿಂದ ನಾಲ್ಕು ವಾರ ದಾಟಬಾರದು ಎಂಬುದು ವೈದ್ಯಲೋಕ ಒಪ್ಪಿದ ಮಾತು. ಅದಕ್ಕಿಂತ ಹೆಚ್ಚು ಬೇಕಾದರೆ ಏಕೆಂದು ಚೀಟಿಯಲ್ಲೇ ಕಾರಣ ಬರೆಯಲಿ. ಹೇಳಿದ ಪ್ರಮಾಣ ಮೀರದೆ ತೆಗೆದುಕೊಂಡವರ ಮೈಗೂ ಇದು ಒಗ್ಗಿಕೊಂಡುಬಿಡುತ್ತದೆ. ಇದನ್ನು ಮೊದಲ ದಿನವೇ ರೋಗಿಗೆ ಕನ್ನಡದಲ್ಲಿ ಹೇಳಲು ಎರಡು ನಿಮಿಷವೂ ಬೇಡ.

2. ಔಷಧಿ ಅಂಗಡಿಗಳ ಎಚ್1 ರಿಜಿಸ್ಟರ್ ತಪಾಸಣೆ ಆಗಲಿ. ಬರೆದ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟರು ಎಂಬುದನ್ನು ಅದರಲ್ಲಿ ದಾಖಲಿಸಿ ಮೂರು ವರ್ಷ ಕಾಪಾಡಬೇಕೆಂಬ ನಿಯಮ 2014ರ ಮಾರ್ಚ್‌ನಿಂದಲೇ ಇದೆ. ಆದರೂ ಹಳೆಯ ಸ್ಟ್ರಿಪ್ ತೋರಿಸಿದರೆ ಹೊಸ ಸ್ಟ್ರಿಪ್ ಕೈಗೆ ಬರುವ ಅಂಗಡಿಗಳು ನಮಗೆಲ್ಲ ಗೊತ್ತು. ಇನ್ನೊಂದು ಸಂದು: ಎಚ್1 ಪಟ್ಟಿ ತಂದ 2013ರ ಅಧಿಸೂಚನೆಯ 46 ಔಷಧಿಗಳಲ್ಲಿ ಅಲ್ಪ್ರಾಜೊಲಾಮ್, ಡಯಾಜೆಪಾಮ್ ಇದ್ದವು, ಕ್ಲೊನಾಜೆಪಾಮ್ ಇರಲಿಲ್ಲ. ಒಂದೇ ಕುಟುಂಬದ ಔಷಧಿಗಳಿಗೆಲ್ಲ ಒಂದೇ ಬಿಗಿ ಇರಲೆಂದು ರಾಜ್ಯವು ಕೇಂದ್ರಕ್ಕೆ ಬರೆಯಲಿ.

3. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ನರ್ಸ್‌ಗಳು, ಆಶಾ ಕಾರ್ಯಕರ್ತೆಯರಿಗೆ ಗುಳಿಗೆಗೆ ಅಂಟಿಕೊಂಡವರನ್ನು ಗುರುತು ಹಿಡಿಯುವ ತರಬೇತಿ ಕೊಡಿ. ತಿಂಗಳ ಗುಳಿಗೆ ಇಪ್ಪತ್ತು ದಿನಕ್ಕೇ ಮುಗಿಯುವುದು, ಒಂದು ಸಾಲದೆ ಎರಡಾಗುವುದು, ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬ ಡಾಕ್ಟರ ಬಳಿ ಚೀಟಿ ಬರೆಸಿಕೊಳ್ಳುವುದು, ಹಗಲಲ್ಲಿ ತೂಕಡಿಕೆ, ತೊದಲು, ನಿನ್ನೆ ಆಡಿದ ಮಾತಿನ ಮರೆವು. ಇವನ್ನು ಮನೆಯವರೂ ಕಾಣಬಲ್ಲರು. ವೈದ್ಯರೇ ಎಡವುವ ಜಾಗ ಬೇರೆ. ಗುಳಿಗೆ ತಪ್ಪಿದ ದಿನ ಬರುವ ನಡುಕ, ಎದೆಬಡಿತ, ದಿಗಿಲು ಹಳೆಯ ಕಾಯಿಲೆಯೇ ಮರಳಿದಂತೆ ಕಾಣುತ್ತದೆ. ಆಗ ಪ್ರಮಾಣ ಏರುತ್ತದೆ, ಗಂಟು ಇನ್ನೂ ಬಿಗಿಯಾಗುತ್ತದೆ. ವಯಸ್ಸಾದವರು ರಾತ್ರಿ ಎದ್ದು ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಬಂದರೆ, ಯಾವ ಗುಳಿಗೆ ನುಂಗಿದ್ದರು ಎಂದು ಕೇಳುವುದು ರೂಢಿಯಾಗಲಿ. ಕುಡಿತವಿದೆಯೇ ಎಂಬುದನ್ನೂ ಕೇಳಲಿ, ಸಂಕೋಚ ಬೇಡ. ಮದ್ಯದ ಜೊತೆ, ಅಫೀಮು ಜಾತಿಯ ನೋವಿನ ಮಾತ್ರೆಯ ಜೊತೆ ಇದು ಸೇರಿದರೆ ಉಸಿರೇ ನಿಲ್ಲಬಹುದು.

4. ಯಾರ ಗುಳಿಗೆಯನ್ನೂ ಏಕಾಏಕಿ ನಿಲ್ಲಿಸಬಾರದು ಎಂಬ ಲಿಖಿತ ಸೂಚನೆ ಎಲ್ಲ ಸರ್ಕಾರಿ, ಖಾಸಗಿ ಆಸ್ಪತ್ರೆಗಳಿಗೆ ಹೋಗಲಿ. ನಮ್ಮ ಬೇಡಿಕೆಗಳಲ್ಲಿ ತಲೆಯಾದದ್ದು ಇದು. ಬಹುಕಾಲ ನುಂಗಿದವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಪ್ರಾಣವೇ ಹೋಗಬಹುದು. ಸಿಟ್ಟಿನಲ್ಲಿ ಡಬ್ಬಿಯನ್ನು ಕಸಕ್ಕೆಸೆಯುವ ಮನೆಯವರಿಗೆ ಇದು ಗೊತ್ತಿರುವುದಿಲ್ಲ. ಬಿಡಿಸುವ ಕ್ರಮ ನಿಧಾನದ್ದು: ಎಷ್ಟೋ ಸಲ ಡಯಾಜೆಪಾಮ್‌ನಂಥ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುವ ಔಷಧಿಗೆ ಬದಲಿಸಿ, ಎರಡು ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಇಳಿಸುತ್ತಾರೆ. ಇದು ತಿಂಗಳುಗಟ್ಟಲೆ ನಡೆಯಬಹುದು, ನಡುವೆ ತಡೆದು ನಿಲ್ಲಬೇಕಾಗಬಹುದು. ಹಾಗೆ ನಿಂತವರನ್ನು ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ’ ಎಂದು ಗದರಿ ಕಳಿಸಬೇಡಿ. ಜೊತೆಗೆ ನಿದ್ದೆ ಮತ್ತು ಆತಂಕಕ್ಕೆ ಮಾತಿನ ಚಿಕಿತ್ಸೆ ಸಿಗಲೇಬೇಕು. ಅದಿಲ್ಲದೆ ಬರಿದೇ ಗುಳಿಗೆ ಇಳಿಸಿದರೆ ಮೂಲ ಕಾಯಿಲೆ ಇದ್ದಲ್ಲೇ ಇರುತ್ತದೆ.

5. ಕಲಬೆರಕೆ ಸೇಂದಿಯ ಮೇಲೆ ದಾಳಿಗೆ ಮುಂಚೆ ಹಾಸಿಗೆ, ಔಷಧಿ ಸಿದ್ಧವಿರಲಿ. ತೆಲಂಗಾಣದಲ್ಲೂ ಗಡಿಯ ರಾಯಚೂರು ಸೀಮೆಯಲ್ಲೂ ಸೇಂದಿಗೆ ನಿದ್ದೆ ಗುಳಿಗೆಯ ಜಾತಿಯ ಪುಡಿ ಬೆರೆಸುವುದು ಹೊಸ ಸುದ್ದಿಯಲ್ಲ. 2020ರ ಲಾಕ್‌ಡೌನ್‌ನಲ್ಲಿ ಸೇಂದಿ ಸಿಗದಾದಾಗ ಹೈದರಾಬಾದಿನ ಎರ್ರಗಡ್ಡ ಮಾನಸಿಕ ಆಸ್ಪತ್ರೆಗೆ ಜನ ನಡುಗುತ್ತ ಬಂದರು. ಮಾರುವವರನ್ನು ಹಿಡಿಯಿರಿ; ಕುಡಿದವರಿಗೆ ಅಂದೇ ಚಿಕಿತ್ಸೆ ಕೊಡಿ.

6. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಮಂಗಳವಾರಗಳಲ್ಲಿ ಗುಳಿಗೆ ಬಿಡುವವರಿಗೆಂದೇ ಒಂದು ಗಂಟೆ ಮೀಸಲಿಡಿ. ಇಳಿಸಲು ಬೇಕಾದ ಸಣ್ಣ ಪ್ರಮಾಣದ ಮಾತ್ರೆಗಳ ದಾಸ್ತಾನು ಅಲ್ಲೇ ಇರಲಿ. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಔಷಧಿ ಅಂಗಡಿಯ ಕೌಂಟರಿನ ಮೇಲೆ ಅಂಟಿಸಿ.

7. ನೆರವು ಕೇಳಿ ಬಂದವರನ್ನು ಅಪರಾಧಿಗಳಂತೆ ಕಾಣಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯೊಳಗೆ ಸೇರಿಸಿದೆ, ಚಿಕಿತ್ಸೆಯನ್ನು ಹಕ್ಕು ಎಂದಿದೆ.

1, 4 ಮತ್ತು 6ನೇ ಬೇಡಿಕೆಗಳಿಗೆ ಹೊಸ ಕಾನೂನಿಗಾಗಿ ಕಾಯಬೇಕಿಲ್ಲ. ಇಲಾಖೆಯ ಸುತ್ತೋಲೆಯಿಂದಲೇ ಶುರು ಮಾಡಬಹುದು. ಅವುಗಳ ಬಗ್ಗೆ 30 ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕೆಂದೂ, ಉಳಿದವುಗಳ ಚರ್ಚೆಗೆ ಕರೆಯುವ ಸಭೆಯಲ್ಲಿ ವೈದ್ಯರು, ಔಷಧಿ ವ್ಯಾಪಾರಿಗಳ ಜೊತೆ ಗುಳಿಗೆ ಬಿಟ್ಟವರಿಗೂ ಕುರ್ಚಿ ಹಾಕಬೇಕೆಂದೂ ಒತ್ತಾಯಿಸುತ್ತೇವೆ.