ಅರ್ಧ ಓದಿದ ಪದವಿ, ಎರಡು ದೇಶದ ನಡುವೆ



ಹೋದ ವಾರ ನನ್ನ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದ್ದರು. ಉಡುಪಿ ಕಡೆಯವರು, ಕುವೈತಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಅವರ ಕಾಂಟ್ರ್ಯಾಕ್ಟು ಬರುವ ಜೂನಿಗೆ ಮುಗಿಯುತ್ತದೆ, ನವೀಕರಣವಿಲ್ಲ ಅಂತ ಕಾಗದ ಬಂದಿದೆ. ಅವರಿಗೆ ಆ ಚಿಂತೆಗಿಂತ ದೊಡ್ಡದು ಮಗಳದ್ದು. ಹುಡುಗಿ ಇಲ್ಲಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾಳೆ. "ಬೆಂಗಳೂರಲ್ಲೋ ಮಂಗಳೂರಲ್ಲೋ ಮೂರನೇ ವರ್ಷಕ್ಕೆ ಸೇರಿಸಬಹುದಲ್ಲ? ನೀವು ಹೀಗೆ ಮಾಡಿದವರಂತೆ, ಹೇಳಿ" ಅಂದರು. ನಾನು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಹೌದು, ನಾನು ಹೀಗೆ ಮಾಡಿದವನೇ. ಹಾಗಂತ ಅದು ಯಶಸ್ವಿಯಾಯಿತು ಅಂತ ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ.

ಈ ಪ್ರಶ್ನೆ ನಮ್ಮಲ್ಲಿ ಹುಟ್ಟಿದ್ದು ಇತ್ತೀಚೆಗೆ. ಮೊದಲೆಲ್ಲ ಕುವೈತಿನ ಕನ್ನಡದ ಮಕ್ಕಳದ್ದು ಒಂದೇ ದಾರಿ. ಸಾಲ್ಮಿಯಾದಲ್ಲೋ ಅಬ್ಬಾಸಿಯಾದಲ್ಲೋ ಭಾರತೀಯ ಶಾಲೆ, ಹನ್ನೆರಡನೇ ತರಗತಿ, ಆಮೇಲೆ ಒಂದು ಸೂಟ್‌ಕೇಸು ಹಿಡಿದು ಮಂಗಳೂರಿನ ವಿಮಾನ. 1966ರಲ್ಲಿ ಶುರುವಾದ ಕುವೈತ್ ವಿಶ್ವವಿದ್ಯಾಲಯದಲ್ಲಿ ನಮ್ಮಂಥ ಪರದೇಶಿಗಳ ಮಕ್ಕಳಿಗೆ ಸೀಟು ಸಿಗುವುದು ಬಲು ಅಪರೂಪ. 2000ದ 34ನೇ ಕಾನೂನು ಬಂದು ಖಾಸಗಿ ವಿಶ್ವವಿದ್ಯಾಲಯಗಳಿಗೆ ಅವಕಾಶವಾದ ಮೇಲೆ ಚಿತ್ರ ಬದಲಾಯಿತು. 2002ರಲ್ಲಿ ಗಲ್ಫ್ ಯೂನಿವರ್ಸಿಟಿ ಫಾರ್ ಸೈನ್ಸ್ ಅಂಡ್ ಟೆಕ್ನಾಲಜಿ, 2004ರಲ್ಲಿ ಅಮೆರಿಕನ್ ಯೂನಿವರ್ಸಿಟಿ ಆಫ್ ಕುವೈತ್ ಪಾಠ ಶುರು ಮಾಡಿದವು. ಇಂಗ್ಲಿಷ್ ಮಾಧ್ಯಮ, ಅಮೆರಿಕದ ಮಾದರಿ, ಮಗ ಮಗಳು ಕಣ್ಣೆದುರಿಗೇ ಇರುತ್ತಾರೆ... ದುಬಾರಿಯಾದರೂ ಕೆಲವು ಮನೆಗಳು ಅದಕ್ಕೆ ಒಪ್ಪಿಕೊಂಡವು. ಆದರೆ ಯಾರೂ ಗಟ್ಟಿಯಾಗಿ ಹೇಳದ ಒಂದು ಮಾತಿದೆ. ಇಲ್ಲಿ ಮಕ್ಕಳ ಇಕಾಮಾ ಅಪ್ಪನ ಕೆಲಸಕ್ಕೆ ಕಟ್ಟಿದ್ದು. ನಾಲ್ಕು ವರ್ಷದ ಪದವಿಗೆ ಸೇರಿಸುವಾಗ ಅಪ್ಪನ ಕೆಲಸವೂ ನಾಲ್ಕು ವರ್ಷ ಇರುತ್ತದೆ ಅಂತ ನಂಬಿಯೇ ಸೇರಿಸುತ್ತೇವೆ. ಸರಕಾರಿ ಕೆಲಸಗಳಲ್ಲಿ ಸ್ಥಳೀಯರನ್ನು ತುಂಬಬೇಕೆಂದು 2017ರಲ್ಲಿ ತೀರ್ಮಾನವಾದ ಮೇಲಂತೂ ಆ ನಂಬಿಕೆ ಇನ್ನಷ್ಟು ತೆಳ್ಳಗಾಗಿದೆ.

ನನ್ನ ಕಥೆ ಅದಕ್ಕಿಂತ ಹಿಂದಿನದು. 2008ರ ಸೆಪ್ಟೆಂಬರಿನಲ್ಲಿ ಇಲ್ಲೇ ಸೇರಿದೆ. ಜಗತ್ತಿನ ಆರ್ಥಿಕ ಕುಸಿತ ಅದೇ ತಿಂಗಳು ಶುರುವಾಗಿತ್ತು, ನಮ್ಮ ಮನೆ ಬಾಗಿಲಿಗೆ ಬರಲು ಒಂದು ವರ್ಷ ತೆಗೆದುಕೊಂಡಿತು ಅಷ್ಟೆ. ಅಪ್ಪನ ಕೆಲಸ ಹೋಯಿತು. ಮೂರು ಸೆಮಿಸ್ಟರ್ ಮುಗಿಸಿ, 45 ಕ್ರೆಡಿಟ್‌ಗಳ ಟ್ರಾನ್ಸ್‌ಕ್ರಿಪ್ಟ್ ಹಿಡಿದು 2010ರ ಜನವರಿಯಲ್ಲಿ ಊರಿಗೆ ಬಂದೆ. ಕರ್ನಾಟಕದ ಒಂದು ಇಂಜಿನಿಯರಿಂಗ್ ಕಾಲೇಜಿನ ಕಚೇರಿ. ಕೌಂಟರಿನ ಆಚೆಗಿದ್ದ ಗುಮಾಸ್ತರು ಒಳ್ಳೆಯವರೇ, ಚಹಾ ಕೂಡ ಕೊಟ್ಟರು. ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇದರಲ್ಲಿ ಮಾರ್ಕ್ಸ್ ಎಲ್ಲಿದೆ?" ಇರಲಿಲ್ಲ. ಎ ಮೈನಸ್, ಬಿ ಪ್ಲಸ್ ಇತ್ತು. ನೂರಕ್ಕೆ ಎಷ್ಟು ಅಂತ ಎಲ್ಲೂ ಇರಲಿಲ್ಲ. ಇಂಟರ್ನಲ್ ಎಷ್ಟು, ಎಕ್ಸ್‌ಟರ್ನಲ್ ಎಷ್ಟು ಅಂತ ಇರಲಿಲ್ಲ. ಕ್ಯಾಲ್ಕ್ಯುಲಸ್ ಇತ್ತು, "ಎಂಜಿನಿಯರಿಂಗ್ ಮ್ಯಾಥಮ್ಯಾಟಿಕ್ಸ್" ಇರಲಿಲ್ಲ. ವರ್ಕ್‌ಶಾಪ್ ಇರಲಿಲ್ಲ. ಅದರ ಬದಲಿಗೆ ಇಂಗ್ಲಿಷ್ ಕಾಂಪೊಸಿಷನ್ ಎರಡು ಕೋರ್ಸು, ಇಸ್ಲಾಮೀ ನಾಗರಿಕತೆಯ ಇತಿಹಾಸ ಒಂದು. ಗುಮಾಸ್ತರು ಅದನ್ನು ಓದಿ ನನ್ನ ಮುಖ ನೋಡಿದರು. "ಇದ್ಯಾಕಪ್ಪಾ ಇಂಜಿನಿಯರಿಗೆ?"

ನಾಲ್ಕು ತಿಂಗಳು ಓಡಾಡಿದ ಮೇಲೆ ಉತ್ತರ ಬಂತು. 45ರಲ್ಲಿ ಒಪ್ಪಿಕೊಂಡದ್ದು ಸೊನ್ನೆ. ಹನ್ನೆರಡನೆಯ ತರಗತಿಯ ಅಂಕಪಟ್ಟಿ ಇಟ್ಟುಕೊಂಡು, ಮ್ಯಾನೇಜ್‌ಮೆಂಟ್ ಸೀಟಿನಲ್ಲಿ, ಮತ್ತೆ ಮೊದಲ ಸೆಮಿಸ್ಟರ್. ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್. ನನಗಿಂತ ಎರಡು ವರ್ಷ ಚಿಕ್ಕವರ ಜತೆ ಕೂತು, ಆಗಲೇ ಪಾಸಾಗಿದ್ದ ಡಿಫರೆನ್ಷಿಯಲ್ ಇಕ್ವೇಷನ್ನನ್ನು ಇನ್ನೊಮ್ಮೆ ಬಿಡಿಸಿದೆ. ಅದೇನೂ ಕಷ್ಟವಾಗಲಿಲ್ಲ ಬಿಡಿ. ಅಪ್ಪ ಎರಡು ಸಲ ಫೀಸು ಕಟ್ಟಿದ್ದು ಕಷ್ಟ. ಕುವೈತಿನಿಂದ ಬಂದ ಉಳಿತಾಯ ಮನೆ ಕಟ್ಟುವುದಕ್ಕೆ ಅಂತ ಇತ್ತು, ಅದು ನನ್ನ ಎರಡನೇ ಮೊದಲ ವರ್ಷಕ್ಕೆ ಹೋಯಿತು.

ಆಗ ನನಗೆ ಸಿಟ್ಟಿತ್ತು. ಈಗ ಸ್ವಲ್ಪ ತಣ್ಣಗಾಗಿ ಯೋಚಿಸಿದರೆ ಅಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಎರಡು ವ್ಯವಸ್ಥೆಗಳು ಒಂದನ್ನೊಂದು ಓದಲಾರದೆ ಹೋಗಿದ್ದವು, ಅಷ್ಟೆ. ಅಮೆರಿಕದ ಮಾದರಿಯಲ್ಲಿ ಪದವಿ ಅಂದರೆ ಕ್ರೆಡಿಟ್‌ಗಳ ಮೊತ್ತ. ಒಂದು ಕೋರ್ಸಿಗೆ ಸಾಮಾನ್ಯವಾಗಿ ಮೂರು ಕ್ರೆಡಿಟ್. ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡು ಬಂದ ಕೋರ್ಸನ್ನು ಹೊಸ ವಿಶ್ವವಿದ್ಯಾಲಯ ತನ್ನ ಕೋರ್ಸಿನ ಜತೆ ಹೋಲಿಸಿ ನೋಡುತ್ತದೆ, ಹೊಂದಿದರೆ ಕ್ರೆಡಿಟ್ ಕೊಡುತ್ತದೆ. ಗ್ರೇಡು ಸಾಮಾನ್ಯವಾಗಿ ಬರುವುದಿಲ್ಲ, ಜಿಪಿಎ ಹೊಸದಾಗಿ ಶುರು. ಕೊನೆಯ ಇಂತಿಷ್ಟು ಕ್ರೆಡಿಟ್ ನಮ್ಮಲ್ಲೇ ಓದಬೇಕು ಎಂಬ ಷರತ್ತೂ ಇರುತ್ತದೆ. ಕುವೈತಿನಿಂದ ಅಮೆರಿಕಕ್ಕೋ ಕೆನಡಾಕ್ಕೋ ಹೋದ ಹುಡುಗರು ಇದೇ ಕಾರಣಕ್ಕೆ ಹೆಚ್ಚು ಕಳೆದುಕೊಳ್ಳದೆ ಮುಂದೆ ಹೋಗಿದ್ದಾರೆ. ನಮ್ಮ ಆಗಿನ ಪದ್ಧತಿಯಲ್ಲಿ ಪದವಿ ಅಂದರೆ ವರ್ಷಗಳ ಮೊತ್ತ. ಒಂದು ವರ್ಷದ ಎಲ್ಲ ವಿಷಯ ಹೊಂದಿದರೆ ಉಂಟು, ಒಂದು ಹೊಂದದಿದ್ದರೂ ಇಲ್ಲ.

ಇದು ನನ್ನೊಬ್ಬನ ಗೋಳಾಗಿದ್ದರೆ ಸಂಪಾದಕೀಯಕ್ಕೆ ತರುತ್ತಿರಲಿಲ್ಲ. ಕುವೈತಿನ ಹಿರಿಯರಿಗೆ 1990 ನೆನಪಿರುತ್ತದೆ. ಆಗಸ್ಟ್ 2ರಂದು ಇರಾಕಿನ ಸೈನ್ಯ ನುಗ್ಗಿತು. ಅಮ್ಮಾನ್ ಮೂಲಕ ಅಕ್ಟೋಬರ್ ವರೆಗೆ ನಡೆದ ಏರ್ ಇಂಡಿಯಾದ ವಿಮಾನಯಾನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಊರು ಸೇರಿದರು. ಹುಟ್ಟಿದ ವರ್ಷದಲ್ಲೇ ನಾನೂ ಅಮ್ಮನ ಕಂಕುಳಲ್ಲಿ ಆ ದಾರಿಯಲ್ಲಿ ಬಂದವನಂತೆ. ಮರುಭೂಮಿ ದಾಟಿ ಬಂದವರ ಕೈಚೀಲದಲ್ಲಿ ಪಾಸ್‌ಪೋರ್ಟಿತ್ತು, ಸ್ವಲ್ಪ ಚಿನ್ನವಿತ್ತು. ಮಕ್ಕಳ ಅಂಕಪಟ್ಟಿ ಎಷ್ಟು ಜನರ ಹತ್ತಿರ ಇತ್ತು? ಶಾಲೆಯೇ ಬೀಗ ಹಾಕಿದ ಊರಿನಿಂದ ವರ್ಗಾವಣೆ ಪತ್ರ ತರುವುದು ಹೇಗೆ? ಆ ವರ್ಷ ಎಷ್ಟೋ ಮನೆಗಳಲ್ಲಿ ಮಕ್ಕಳ ಒಂದು ವರ್ಷ ಲೆಕ್ಕಕ್ಕೇ ಸಿಗಲಿಲ್ಲ.

ಮೂವತ್ತೆರಡು ವರ್ಷದ ನಂತರ ಅದೇ ಪ್ರಶ್ನೆ ಉಕ್ರೇನಿನಿಂದ ಬಂತು. 2022ರಲ್ಲಿ ಯುದ್ಧದಿಂದ ತಪ್ಪಿಸಿಕೊಂಡು ಬಂದ ಸಾವಿರಾರು ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ಹಾವೇರಿ ಜಿಲ್ಲೆಯ ಒಬ್ಬ ಹುಡುಗ ಖಾರ್ಕಿವ್‌ನಿಂದ ಜೀವಂತ ಬರಲೇ ಇಲ್ಲ. ಬಂದವರು ಇಲ್ಲಿನ ಕಾಲೇಜುಗಳಲ್ಲಿ ಮುಂದುವರಿಸಿ ಅಂತ ಕೇಳಿದರು. ಕಾನೂನಿನಲ್ಲಿ ಅವಕಾಶವಿಲ್ಲವೆಂದು ಆ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಸುಪ್ರೀಂ ಕೋರ್ಟಿಗೆ ತಿಳಿಸಿತು. ಬೇರೆ ದೇಶಗಳ ವಿಶ್ವವಿದ್ಯಾಲಯಗಳಿಗೆ ತಾತ್ಕಾಲಿಕವಾಗಿ ಹೋಗಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಒಪ್ಪಿತು. ಅಂದರೆ ಉಕ್ರೇನಿನಿಂದ ಮೂರನೇ ದೇಶಕ್ಕೆ ಹೋಗಬಹುದು, ಮನೆಗೆ ಮಾತ್ರ ಬರುವಂತಿಲ್ಲ. ವೈದ್ಯಕೀಯದಲ್ಲಿ ಗುಣಮಟ್ಟದ ಭಯ ಸುಳ್ಳಲ್ಲ, ನೀಟ್ ಬರೆದು ಸೀಟು ಸಿಗದ ಇಲ್ಲಿನ ಹುಡುಗರ ಪ್ರಶ್ನೆಯೂ ಸುಳ್ಳಲ್ಲ. ಅದನ್ನು ಒಪ್ಪುತ್ತೇನೆ. ಆದರೆ ಇಂಜಿನಿಯರಿಂಗ್, ಬಿಎಸ್ಸಿ, ಬಿಕಾಂಗಳಲ್ಲಿ, ಖಾಲಿ ಸೀಟು ಉಳಿಯುವ ಕಾಲೇಜುಗಳಲ್ಲಿ, ಇಷ್ಟು ಬಿಗಿ ಯಾಕೆ?

ಈಗ ಪರಿಸ್ಥಿತಿ ಬದಲಾಗಬೇಕಿತ್ತು. 2020ರ ಶಿಕ್ಷಣ ನೀತಿಯ ನಂತರ, 2021ರಲ್ಲಿ ಯುಜಿಸಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ತಂದಿತು. ಹಣದ ಹಾಗೆ ಕ್ರೆಡಿಟ್ಟನ್ನೂ ಖಾತೆಯಲ್ಲಿಟ್ಟು ಬೇರೆ ಸಂಸ್ಥೆಯಲ್ಲಿ ಬಳಸಬಹುದು, ಏಳು ವರ್ಷ ಅವಧಿ. ವಿಟಿಯು ಕೂಡ ಈಗ ಕ್ರೆಡಿಟ್ ಲೆಕ್ಕದಲ್ಲೇ ನಡೆಯುತ್ತದೆ, ಅದರ 2022ರ ಸ್ಕೀಮಿನಲ್ಲಿ ಬಿಇ ಪದವಿಗೆ 160 ಕ್ರೆಡಿಟ್. ಭಾಷೆ ಒಂದೇ ಆಯಿತಲ್ಲ! ಆದರೆ ಆ ಬ್ಯಾಂಕು ದೇಶದೊಳಗಿನ ಸಂಸ್ಥೆಗಳಿಗೆ. ಏಪ್ರಿಲ್ 2025ರಲ್ಲಿ ಯುಜಿಸಿ ವಿದೇಶೀ ಅರ್ಹತೆಗಳ ಸಮಾನತೆಗೆ ಹೊಸ ನಿಯಮ ಮಾಡಿತು, ಒಳ್ಳೆಯದೇ. ಅದು ಓದಿ ಮುಗಿಸಿ ಪಡೆದ ಪ್ರಮಾಣಪತ್ರದ ಮಾತು. ಅರ್ಧ ಓದಿದವರು ಎರಡರ ನಡುವಿನ ಸಂದಿಯಲ್ಲಿ ಬೀಳುತ್ತಾರೆ. ಡಿಪ್ಲೊಮಾ ಮುಗಿಸಿದವರಿಗೆ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ ಇದೆ, ಪ್ರತಿ ವರ್ಷ ಡಿಸಿಇಟಿ ನಡೆಯುತ್ತದೆ. ಹೊಂದದ ವಿಷಯಗಳನ್ನು ಬ್ರಿಡ್ಜ್ ಕೋರ್ಸಿನಲ್ಲಿ ತುಂಬಿಕೊಳ್ಳುವ ವಿಧಾನ ನಮಗೆ ಗೊತ್ತಿದೆ ಎಂದಾಯಿತು. ಅದೇ ಕಾಳಜಿಯಿಂದ ಹೊರಗಿನಿಂದ ಬಂದ ನಮ್ಮ ಹುಡುಗಿಗೂ ಒಂದು ಪರೀಕ್ಷೆ ಇಡಿ, ಪಾಸಾದರೆ ಸೇರಿಸಿಕೊಳ್ಳಿ. ಪುಕ್ಕಟೆ ಕೇಳುತ್ತಿಲ್ಲ. ಇಂತಿಂಥ ದಾಖಲೆ ತನ್ನಿ, ಇಷ್ಟು ದಿನದಲ್ಲಿ ಉತ್ತರ ಕೊಡುತ್ತೇವೆ ಎಂದು ಒಂದು ಪುಟ, ಅದೂ ಕನ್ನಡದಲ್ಲಿ, ಪ್ರಕಟಿಸಲಿ.

ಕನ್ನಡದ ಮಾತು ಬಂತು. ಕರ್ನಾಟಕದ ವೃತ್ತಿಶಿಕ್ಷಣ ಸೀಟುಗಳಿಗೆ ಏಳು ವರ್ಷ ರಾಜ್ಯದಲ್ಲಿ ಓದಿರಬೇಕೆಂಬ ಷರತ್ತಿದೆ, ವಿನಾಯಿತಿಗಳೂ ಇವೆ. ಹೊರನಾಡು, ಗಡಿನಾಡು ಕನ್ನಡಿಗ ಅಭ್ಯರ್ಥಿಗಳಿಗೆ ಪರೀಕ್ಷಾ ಪ್ರಾಧಿಕಾರ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಇನ್ನು ವಿಟಿಯು ಸೇರಿದವರಿಗೆ ಕನ್ನಡ ಬಲ್ಲವರಾದರೆ "ಸಾಂಸ್ಕೃತಿಕ ಕನ್ನಡ", ಬಾರದವರಾದರೆ "ಬಳಕೆ ಕನ್ನಡ". ಮನೆಯಲ್ಲಿ ಅಚ್ಚ ಕುಂದಗನ್ನಡ ಮಾತಾಡುವ, ಆದರೆ ಒತ್ತಕ್ಷರ ಓದಲು ಬಾರದ ನಮ್ಮ ಕುವೈತಿನ ಮಗು ಯಾವ ಬೆಂಚಿನಲ್ಲಿ ಕೂರಬೇಕು? ಬಿಹಾರದಿಂದ ಬಂದ ಗೆಳೆಯನ ಪಕ್ಕದಲ್ಲಿ "ನಿಮ್ಮ ಹೆಸರೇನು" ಕಲಿಯುತ್ತದೆ. ನಗುವಿಷಯವಲ್ಲ. ಸರಕಾರವನ್ನು ಬಾಗಿಲು ತೆರೆಯಿರಿ ಅಂತ ಕೇಳುವ ಮೊದಲು ಶುಕ್ರವಾರದ ಒಂದು ಗಂಟೆಯನ್ನು ಮಕ್ಕಳಿಗೆ ಅಕ್ಷರ ಕಲಿಸಲು ನಾವು ಕೊಟ್ಟಿದ್ದೇವಾ ಅಂತ ನಾನು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ನನ್ನ ಮಗನಿಗೆ ಆರು ವರ್ಷ. ಉತ್ತರ ಅಷ್ಟು ಚೆನ್ನಾಗಿಲ್ಲ.

ನಿಮ್ಮ ಮಕ್ಕಳು ಈಗ ಇಲ್ಲಿ ಓದುತ್ತಿದ್ದರೆ ಒಂದು ಕೆಲಸ ಇವತ್ತೇ ಮಾಡಿ. ಪ್ರತಿ ಸೆಮಿಸ್ಟರ್ ಮುಗಿದ ಕೂಡಲೇ ಆಯಾ ಕೋರ್ಸಿನ ಸಿಲಬಸ್ ತೆಗೆದಿಡಿ. ವೆಬ್‌ಸೈಟಿನ ಎರಡು ಸಾಲಿನ ವಿವರಣೆ ಸಾಲದು. ವಾರವಾರದ ಪಾಠ, ಪಠ್ಯಪುಸ್ತಕ, ಲ್ಯಾಬಿನ ಗಂಟೆ ಇರುವ ಪೂರ್ತಿ ಪ್ರತಿ, ವಿಭಾಗದ ಮೊಹರಿನೊಂದಿಗೆ. ಗ್ರೇಡು ಅಂಕಕ್ಕೆ ಹೇಗೆ ಹೊಂದುತ್ತದೆ ಎಂದು ರಿಜಿಸ್ಟ್ರಾರ್ ಬರೆದ ಪತ್ರ. ಮುಚ್ಚಿದ ಲಕೋಟೆಯ ಟ್ರಾನ್ಸ್‌ಕ್ರಿಪ್ಟ್ ಎರಡು, ಬಿಚ್ಚಿದ್ದು ಎರಡು. ಕುವೈತಿನ ಇಲಾಖೆಗಳ ಮತ್ತು ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಇಲ್ಲಿರುವಾಗಲೇ ಮಾಡಿಸಿ. ಇಕಾಮಾ ರದ್ದಾದ ಮೇಲೆ ಊರಿನಿಂದ ಇದನ್ನೆಲ್ಲ ತರಿಸುವುದು ಎಂಥ ಪಾಡು ಅಂತ ನನ್ನನ್ನು ಕೇಳಿ. ಮತ್ತೆ, ಯಾವ ಏಜೆಂಟನಿಗೂ "ಮೂರನೇ ವರ್ಷಕ್ಕೆ ಗ್ಯಾರಂಟಿ" ಎಂಬ ಮಾತಿಗೆ ದುಡ್ಡು ಕೊಡಬೇಡಿ. ವಿಶ್ವವಿದ್ಯಾಲಯದ ಲಿಖಿತ ಉತ್ತರ ಕೈಗೆ ಬರುವವರೆಗೆ ಇಲ್ಲಿನ ಸೀಟು ಬಿಡಬೇಡಿ.

ಇನ್ನೊಂದು ಕೋರಿಕೆ ಕುವೈತ್ ಕನ್ನಡ ಕೂಟಕ್ಕೆ, ತುಳು ಕೂಟಕ್ಕೆ, ನಮ್ಮ ಎಲ್ಲ ಸಂಘಗಳಿಗೆ. ಹೀಗೆ ಮಧ್ಯದಲ್ಲಿ ಊರಿಗೆ ಹೋದ ಮಕ್ಕಳು ಎಲ್ಲಿ ಸೇರಿದರು, ಎಷ್ಟು ಕ್ರೆಡಿಟ್ ಒಪ್ಪಿಕೊಂಡರು, ಎಷ್ಟು ವರ್ಷ ಹೋಯಿತು ಎಂದು ಬರೆದಿಟ್ಟ ಒಂದು ಕಡತ ನಮ್ಮಲ್ಲಿ ಇಲ್ಲ. ಬೆಂಗಳೂರಿಗೆ ಮನವಿ ಕೊಡಲು ಹೋದಾಗ "ಎಷ್ಟು ಜನ?" ಅಂತ ಕೇಳಿದರೆ ನಾವು ಆಕಾಶ ನೋಡಬೇಕು. ಹೆಸರು ಬೇಡ, ವಿವರ ಸಾಕು. ಈ ಸಂಚಿಕೆಯ ಓದುಗರು ನಮಗೆ ಮಿಂಚಂಚೆಯಲ್ಲಿ ಬರೆಯಿರಿ, ಕಡತ ಶುರು ಮಾಡುವ ಹೊಣೆ ನನ್ನದು. ಮೊದಲ ಸಾಲು ನನ್ನದೇ: 45ರಲ್ಲಿ 0, ಎರಡು ವರ್ಷ.

ಸಹೋದ್ಯೋಗಿಯ ಮಗಳ ಹತ್ತಿರ ಈಗ 54 ಕ್ರೆಡಿಟ್ ಇವೆ. ನಾವಿಬ್ಬರೂ ಕೂತು ಕರ್ನಾಟಕದ ಮೂರು ಕಡೆಗೆ ಪತ್ರ ಬರೆದೆವು. ಎರಡು ಕಡೆಯಿಂದ ಇನ್ನೂ ಸದ್ದಿಲ್ಲ. ಮೂರನೆಯವರು ಹತ್ತು ದಿನದಲ್ಲಿ ಉತ್ತರಿಸಿದ್ದಾರೆ: ನಾಲ್ಕು ಕೋರ್ಸಿನ ಲ್ಯಾಬ್ ಗಂಟೆಗಳ ವಿವರ ಬೇಕು, ಮೊಹರು ಸಹಿತ. ಗುರುವಾರ ಕಚೇರಿ ಮುಚ್ಚುವುದರೊಳಗೆ ಅದನ್ನು ತರಲು ಅವಳು ಇವತ್ತು ವಿಭಾಗಕ್ಕೆ ಹೋಗಿದ್ದಾಳೆ.