ಗೋಡೆ ಪಂಚಾಂಗ ಓದುವುದಿಲ್ಲ

ಪಿತೃಪಕ್ಷ ಬಂತೆಂದರೆ ನಮ್ಮ ಬೀದಿಯಲ್ಲಿ ಬಣ್ಣದ ಡಬ್ಬಗಳ ಸದ್ದು ಶುರು. ನವರಾತ್ರಿಗೆ ಬೊಂಬೆ ಕೂರಿಸುವಷ್ಟರಲ್ಲಿ, ತಪ್ಪಿದರೆ ದೀಪಾವಳಿಯೊಳಗೆ, ಮನೆಯ ಹೊರಗೋಡೆ ಹೊಳೆಯಲೇಬೇಕು. ಇಲ್ಲವಾದರೆ ಅರಿಸಿನ ಕುಂಕುಮಕ್ಕೆ ಬಂದವರು ಏನಂದುಕೊಂಡಾರು? ಈ 'ಏನಂದುಕೊಂಡಾರು' ಎಂಬ ಮಾತಿಗೆ ಹೆದರಿ ನಾವು ಹೆಂಗಸರು ಮಾಡುವ ದುಡುಕುಗಳಲ್ಲಿ ಇದೂ ಒಂದು ಎಂದರೆ ಕೆಲವರಿಗೆ ಸಿಟ್ಟು ಬರಬಹುದು. ಬರಲಿ. ಆದರೆ ಪೂರ್ತಿ ಕೇಳಿ.

ಅದು ಮಳೆ ಮುಗಿದ ಕಾಲವೆಂದು ಯಾರು ಹೇಳಿದರು? ಹಸ್ತ, ಚಿತ್ತೆ, ಸ್ವಾತಿ ಎಂದು ರೈತರು ಮಳೆಗಳನ್ನು ಎಣಿಸುವುದು ಆ ದಿನಗಳಲ್ಲೇ. ಬೆಂಗಳೂರಿನಲ್ಲಿ ವರ್ಷದ ದೊಡ್ಡ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಜೂನ್‌ನಿಂದ ನೆನೆದ ಗೋಡೆ ಎರಡು ದಿನದ ಬಿಸಿಲಿಗೆ ಮೇಲೆ ಒಣಗಿದಂತೆ ಕಾಣುತ್ತದೆ. ಒಳಗಿನ ನೀರು ಒಳಗೇ ಇರುತ್ತದೆ.

"ಹಿರಿಯರು ಹಬ್ಬಕ್ಕೆ ಮೊದಲೇ ಬಳಿಯುತ್ತಿರಲಿಲ್ಲವೇ?" ಎಂದು ಕೇಳುತ್ತೀರಿ. ಬಳಿಯುತ್ತಿದ್ದರು, ನಿಜ. ಆದರೆ ಏನನ್ನು? ಸುಣ್ಣವನ್ನು! ನಮ್ಮಮ್ಮ ಸುಣ್ಣದ ಕಲ್ಲು ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಗೋಂದು, ಚಿಟಿಕೆ ನೀಲಿ ಬೆರೆಸಿ, ಗೋಡೆಗೆ ನೀರು ಚಿಮುಕಿಸಿಯೇ ನಾರಿನ ಕುಂಚ ಹಿಡಿಯುತ್ತಿದ್ದರು. ಸುಣ್ಣಕ್ಕೆ ತೇವ ಬೇಕು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಅದು ನಿಧಾನವಾಗಿ ಕಲ್ಲಾಗುತ್ತದೆ. ಶಾಲೆಯಲ್ಲಿ ಮಕ್ಕಳು ಸುಣ್ಣದ ತಿಳಿನೀರಿಗೆ ಊದಿದಾಗ ಅದು ಹಾಲಿನಂತಾಗುವುದೂ ಇದರಿಂದಲೇ. ಗೋಡೆಯ ತೇವ ಸುಣ್ಣದ ಮೂಲಕ ಉಸಿರಾಡಿಕೊಂಡು ಹೊರಗೆ ಹೋಗುತ್ತದೆ. ಜಡಿಮಳೆ ಬಂದು ತೊಳೆದುಹೋದರೆ ಮತ್ತೆ ಬಳಿದರಾಯಿತು, ಖರ್ಚೇನು ಮಹಾ? ಅಮ್ಮನ ಪಂಚಾಂಗ ಅಮ್ಮನ ಸುಣ್ಣಕ್ಕೆ ಸರಿಯಾಗಿತ್ತು. ನಾವು ಸುಣ್ಣ ಬಿಟ್ಟೆವು, ಡಬ್ಬದ ಬಣ್ಣ ತಂದೆವು, ತಾರೀಖನ್ನು ಮಾತ್ರ ಬದಲಾಯಿಸಲಿಲ್ಲ.

ಡಬ್ಬದ ಬಣ್ಣ ಗೋಡೆಯ ಮೇಲೆ ಪೊರೆ ಕಟ್ಟುತ್ತದೆ. ಒಳಗಿನ ನೀರು ಹೊರಬರಲು ಒತ್ತಿದಾಗ ಪೊರೆ ಗುಳ್ಳೆಯೇಳುತ್ತದೆ, ಗೋಡೆಯ ಉಪ್ಪು ಬಿಳಿಯಾಗಿ ಉಕ್ಕುತ್ತದೆ, ಕೊನೆಗೆ ಬಣ್ಣ ಹಪ್ಪಳದಂತೆ ಕಳಚುತ್ತದೆ. ಆಗ ಬೈಗುಳ ಅಂಗಡಿಯವನಿಗೆ, ಮೇಸ್ತ್ರಿಗೆ. ಉದುರಿದ್ದನ್ನು ದಿನವೂ ಗುಡಿಸುವವರು ಮಾತ್ರ ನಾವೇ.

ನನಗೂ ಇದು ತಿಳಿದದ್ದು ತಪ್ಪು ಮಾಡಿದ ಮೇಲೆ. ಕೆಲವು ವರ್ಷಗಳ ಹಿಂದೆ, ಆಯುಧಪೂಜೆಯೊಳಗೆ ಮುಗಿಯಲೇಬೇಕೆಂದು ಹಟ ಹಿಡಿದವಳು ನಾನು. "ಗೋಡೆ ಇನ್ನೂ ಹಸಿಯಾಗಿದೆ ಅಮ್ಮಾ, ತಿಂಗಳು ತಡೆಯಿರಿ" ಎಂದ ಮೇಸ್ತ್ರಿ. ನೂರು ಮಕ್ಕಳಿಗೆ ತಾಳ್ಮೆಯ ಪಾಠ ಹೇಳುವವಳು ಒಬ್ಬ ಮೇಸ್ತ್ರಿಯ ಮಾತು ಕೇಳಲಿಲ್ಲ. ತುಂತುರಿಗೆ ಒದ್ದೆಯಾದ ಬಿದಿರಿನ ಮೇಲಿಂದ ಅವನ ಜೊತೆಯ ಹುಡುಗ ಜಾರಿ ಬಿದ್ದು ಮುಂಗೈ ಮುರಿದುಕೊಂಡ. ಆಸ್ಪತ್ರೆಯ ಖರ್ಚು ಕೊಟ್ಟೆವು, ಕೂಲಿಯನ್ನೂ ಕೊಟ್ಟೆವು. ಅವನ ಮನೆಯ ಹಬ್ಬವನ್ನು ಕೊಡಲಾಗಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಪಡುವಣ ಗೋಡೆಯ ಬಣ್ಣವೂ ಉದುರತೊಡಗಿತು. ಎಳ್ಳು ಬೀರಲು ಬಂದವರು ಅದನ್ನೇ ನೋಡಿದರು. ಏನಂದುಕೊಂಡರೋ, ಇವತ್ತಿಗೂ ಗೊತ್ತಿಲ್ಲ.

ಈಗ ನನ್ನ ಕಟ್ಟುನಿಟ್ಟು ಇಷ್ಟೇ. ಮೊದಲು ತಾರಸಿಯ ಬಿರುಕು, ಸೋರುವ ಕೊಳವೆ ಸರಿಯಾಗಲಿ. ಆಮೇಲೆ ಒಂದು ಅಡಿ ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗೋಡೆಗೆ ಅಂಟಿಸಿ ಒಂದು ದಿನ ಬಿಡಿ. ಒಳಮೈಯಲ್ಲಿ ಹನಿ ಕೂತರೆ ಗೋಡೆ ಇನ್ನೂ ಒಣಗಿಲ್ಲ, ಡಬ್ಬ ತೆರೆಯಬೇಡಿ. ಕಾರ್ತಿಕ ಕಳೆಯಲಿ, ಒಣಗಾಳಿ ಬೀಸಲಿ. ಮಾಘದ ಬಿಸಿಲಲ್ಲಿ ನಿಶ್ಚಿಂತೆಯಿಂದ ಬಳಿಸಿ. ಹಬ್ಬದ ಮೊದಲೇ ಆಗಬೇಕೆಂಬ ಆಸೆಯಿದ್ದರೆ ಯುಗಾದಿಯೂ ಹಬ್ಬವೇ ತಾನೇ?

ದಸರೆಗೆ ಬಾಗಿಲಿಗೊಂದು ಮಾವಿನ ತೋರಣ, ಹೊಸ್ತಿಲಿಗೊಂದು ರಂಗೋಲಿ ಸಾಕು. ಮಾಸಿದ ಗೋಡೆ ನೋಡಿ ಯಾರಾದರೂ ಮೂಗು ಮುರಿದರೆ ಮುರಿಯಲಿ. ಮೂಗು ಮುರಿದವರಿಗೆ ನೋವಾಗುವುದಿಲ್ಲ. ಕೈ ಮುರಿದವನಿಗೆ ಆಗುತ್ತದೆ.