ಕೋಟೆ ಸೂರೆಹೋದ ಮೇಲೆ ಒಳಗೆ ಬಂದ ಕನ್ನಡ



ಜಾವಾ ಆಪ್ಲೆಟ್ ಸತ್ತಿದೆ. ಅದರ ತಿಥಿ ಊಟವನ್ನೂ ಜಗತ್ತು ಉಂಡು ಮುಗಿಸಿದೆ. ಇವತ್ತು ನಿಮ್ಮ ಕಂಪ್ಯೂಟರಿನಲ್ಲಿರುವ ಯಾವ ಹೊಸ ಬ್ರೌಸರೂ ಅದನ್ನು ಓಡಿಸುವುದಿಲ್ಲ. ‘ಹಾಗಾದರೆ ಸತ್ತದ್ದರ ಮಾತು ಈಗೇಕೆ?’ ಎನ್ನುತ್ತೀರಾ? ಇದೆ, ಕಾರಣವಿದೆ!

ಸುಮಾರು ಇಪ್ಪತ್ತು ವರ್ಷ ಈ ಆಪ್ಲೆಟ್ ಜಗತ್ತಿನ ಪರದೆಗಳ ಮೇಲೆ ಕುಣಿಯಿತು. ಅಷ್ಟೂ ವರ್ಷ ಕನ್ನಡಕ್ಕೆ ಅಲ್ಲಿ ಸಿಕ್ಕಿದ್ದು ಹೊಸ್ತಿಲಿನ ಹೊರಗಿನ ಜಾಗ. ಕೊನೆಗೂ ಕನ್ನಡದ ತಿಂಗಳು, ವಾರಗಳ ಹೆಸರು ಜಾವಾದೊಳಗೆ ತಾನಾಗಿ ಬಂದ ವರ್ಷ ಯಾವುದು ಗೊತ್ತೇ? ಆಪ್ಲೆಟ್‌ಗೆ ಮರಣಶಾಸನ ಬರೆದ ವರ್ಷವೇ! ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಕೇಳಿದ್ದೀರಿ. ಇಲ್ಲಿ ಕೋಟೆ ಸೂರೆಹೋದ ಮೇಲೆ ನಮಗೆ ದಿಡ್ಡಿ ಬಾಗಿಲು ತೆರೆದರು. ಇದು ಹೇಗಾಯಿತು? ಯಾರಿಂದಾಯಿತು? ಮುಂದಿನ ಸಲವೂ ಹೀಗೇ ಆಗಬೇಕೇ?

ಏನಿದು ಆಪ್ಲೆಟ್?

ಹೊಸ ಹುಡುಗರಿಗೆ ಹೆಸರೇ ಗೊತ್ತಿಲ್ಲದಿರಬಹುದು. ಸನ್ ಮೈಕ್ರೋಸಿಸ್ಟಮ್ಸ್ ಎಂಬ ಅಮೆರಿಕದ ಕಂಪನಿ 1995ರ ಮೇ 23ರಂದು ಜಾವಾ ಭಾಷೆಯನ್ನು ಜಗತ್ತಿಗೆ ತೋರಿಸಿತು. ಅದರ ಮುಖ್ಯ ಕರ್ತೃ ಜೇಮ್ಸ್ ಗಾಸ್ಲಿಂಗ್. ಹೆಸರು ಕಾಫಿಯದು, ಗುರುತು ಹಬೆಯಾಡುವ ಕಪ್ಪು. ದೇಶದ ಕಾಫಿಯಲ್ಲಿ ಶೇಕಡಾ 70ರಷ್ಟು ಬೆಳೆಯುವವರು ನಾವು, ಕಪ್ಪಿನ ಮೇಲಿನ ಮಾತು ಮಾತ್ರ ಅವರದು!

ಅಲ್ಲಿಯವರೆಗೆ ವೆಬ್ ಪುಟವೆಂದರೆ ಗೋಡೆಗೆ ಅಂಟಿಸಿದ ಭಿತ್ತಿಪತ್ರ, ಓದಬಹುದು ಅಷ್ಟೆ. ಆಪ್ಲೆಟ್ ಆ ಗೋಡೆಗೆ ಜೀವ ಕೊಟ್ಟಿತು. ಲೋಲಕ ತೂಗಿತು, ನಕ್ಷೆ ತಿರುಗಿತು, ಚದುರಂಗದ ಕಾಯಿ ನಡೆಯಿತು.

ಕಟ್ಟುವ ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ಆಪ್ಲೆಟ್ ಎಂಬ ಸಿದ್ಧ ವರ್ಗವನ್ನು ವಿಸ್ತರಿಸಿ ನಿಮ್ಮದೊಂದು ವರ್ಗ ಬರೆಯಬೇಕು. ಅದರಲ್ಲಿ ಐದು ಮುಖ್ಯ ಘಟ್ಟಗಳು: ಪುಟ ತೆರೆದಾಗ ‘ಇನಿಟ್’, ಓಟ ಶುರುವಾದಾಗ ‘ಸ್ಟಾರ್ಟ್’, ಪರದೆಗೆ ಬಿಡಿಸಲು ‘ಪೇಂಟ್’, ಓದುಗ ಬೇರೆ ಪುಟಕ್ಕೆ ಹೋದಾಗ ‘ಸ್ಟಾಪ್’, ಎಲ್ಲ ಮುಗಿದಾಗ ‘ಡೆಸ್ಟ್ರಾಯ್’. ಬರೆದದ್ದನ್ನು ‘ಜಾವಾಸಿ’ ಎಂಬ ಕಂಪೈಲರಿಗೆ ಕೊಟ್ಟರೆ ‘ಕ್ಲಾಸ್’ ಕಡತ ಸಿಗುತ್ತಿತ್ತು. ಅದು ಮನುಷ್ಯ ಓದುವ ಮೂಲವಲ್ಲ, ಜಾವಾ ಯಂತ್ರ ಓದುವ ಬೈಟ್‌ಕೋಡ್. ಪುಟದೊಳಗೆ ‘ಆಪ್ಲೆಟ್’ ಎಂಬ ಟ್ಯಾಗ್ ಹಾಕಿ, ಕಡತದ ಹೆಸರು, ಅಗಲ, ಎತ್ತರ ಹೇಳಿದರೆ ಮುಗಿಯಿತು. ‘ಆಪ್ಲೆಟ್‌ವ್ಯೂವರ್’ನಲ್ಲಿ ಪರೀಕ್ಷಿಸಿ, ಸರ್ವರಿಗೆ ಏರಿಸಿ. ಓದುಗನ ಬ್ರೌಸರ್ ಆ ಕಡತವನ್ನು ಇಳಿಸಿಕೊಂಡು, ಅದರಲ್ಲಿ ಮೋಸವಿದೆಯೇ ಎಂದು ತಪಾಸಣೆ ಮಾಡಿ, ಓಡಿಸುತ್ತಿತ್ತು. ಹೊರಗಿನಿಂದ ಬಂದ ಆಪ್ಲೆಟ್ ಓದುಗನ ಡಿಸ್ಕನ್ನು ಮುಟ್ಟುವಂತಿರಲಿಲ್ಲ, ತಾನು ಬಂದ ಸರ್ವರನ್ನು ಬಿಟ್ಟು ಬೇರೆಲ್ಲಿಗೂ ಕರೆ ಮಾಡುವಂತಿರಲಿಲ್ಲ. ಇದಕ್ಕೆ ಸ್ಯಾಂಡ್‌ಬಾಕ್ಸ್ ಎನ್ನುತ್ತಿದ್ದರು. ಮಕ್ಕಳನ್ನು ಮರಳಿನ ಅಂಕಣದಲ್ಲಿ ಆಡಲು ಬಿಟ್ಟ ಹಾಗೆ.

ಸನ್ ಕಂಪನಿಯ ಘೋಷಣೆ ಏನು? ಒಮ್ಮೆ ಬರೆಯಿರಿ, ಎಲ್ಲೆಡೆ ಓಡಿಸಿ! ಎಲ್ಲೆಡೆ ಎಂದರೆ ಎಲ್ಲೆಡೆ. ಆದರೆ ಎಲ್ಲ ಭಾಷೆಯಲ್ಲಿಯೇ? ಅದನ್ನು ಅವರು ಹೇಳಲಿಲ್ಲ. ನಾವು ಕೇಳಲೂ ಇಲ್ಲ.

ಸೂರ್ಯನ ಮನೆಯಲ್ಲಿ ‘ಸೂರ್ಯ’ನಿಗೆ ಜಾಗವಿಲ್ಲ!

ಒಂದು ವಿಷಯದಲ್ಲಿ ಜಾವಾವನ್ನು ಮೆಚ್ಚಲೇಬೇಕು. ಹುಟ್ಟುವಾಗಲೇ ಅದು ಯೂನಿಕೋಡನ್ನು ಅಪ್ಪಿಕೊಂಡಿತ್ತು. 1991ರಲ್ಲಿ ಬಂದ ಮೊದಲ ಯೂನಿಕೋಡಿನಲ್ಲೇ ಕನ್ನಡವಿತ್ತು, ಇವತ್ತಿಗೂ 128 ಸ್ಥಾನಗಳು ಕನ್ನಡಕ್ಕೆ ಮೀಸಲು. ಜಾವಾದಲ್ಲಿ ‘ಸಂಬಳ’ ಎಂದು ಕನ್ನಡದಲ್ಲೇ ಹೆಸರಿಟ್ಟು ಲೆಕ್ಕ ಮಾಡಿದರೂ ಕಂಪೈಲರ್ ತಕರಾರು ಮಾಡುವುದಿಲ್ಲ. ಕಾನೂನಿನ ಪ್ರಕಾರ ಕನ್ನಡ ಮೊದಲ ದಿನದಿಂದಲೂ ಆ ಮನೆಯ ಸದಸ್ಯ.

ಆದರೆ ಪರದೆಗೆ ಬಂದಾಗ? ಅಲ್ಲೇ ಇರುವುದು ಗುಟ್ಟು. ‘ಸೂರ್ಯ’ ಎಂಬ ಪದ ತೆಗೆದುಕೊಳ್ಳಿ. ಕಂಪ್ಯೂಟರಿನೊಳಗೆ ಅದು ಐದು ಸಂಕೇತ: ಸಕಾರ, ಊಕಾರದ ಗುರುತು, ರಕಾರ, ಹಲಂತ, ಯಕಾರ. ತೋರಿಸುವಾಗ ಊಕಾರ ಸಕಾರಕ್ಕೆ ಅಂಟಬೇಕು, ರಕಾರ ಅರ್ಕಾವತ್ತಾಗಿ ಯಕಾರದ ಬಲಕ್ಕೆ ಹೋಗಿ ಕೂರಬೇಕು. ಇದಕ್ಕೆ ಅಕ್ಷರ ಜೋಡಿಸುವ ಎಂಜಿನ್ ಬೇಕು, ಕನ್ನಡದ ಫಾಂಟ್ ಬೇಕು. 1990ರ ದಶಕದ ಜಾವಾ ಇವೆರಡಕ್ಕೂ ಕೆಳಗಿನ ಆಪರೇಟಿಂಗ್ ಸಿಸ್ಟಮ್ಮಿನ ಮುಖ ನೋಡುತ್ತಿತ್ತು. ಆ ಸಿಸ್ಟಮ್ಮಿನಲ್ಲಿ ಕನ್ನಡವೇ ಇರಲಿಲ್ಲ. ಫಲ? ಖಾಲಿ ಚೌಕಗಳು, ಪ್ರಶ್ನಾರ್ಥಕ ಚಿಹ್ನೆಗಳು. ಕಂಪನಿಯ ಹೆಸರು ಸನ್, ಎಂದರೆ ಸೂರ್ಯ. ಆ ಸೂರ್ಯನ ಆಪ್ಲೆಟ್‌ನಲ್ಲಿ ‘ಸೂರ್ಯ’ ಎಂದು ನೆಟ್ಟಗೆ ಬರೆಯಲಾಗಲಿಲ್ಲ!

ಹಾಗಾಗಿ ಆ ಕಾಲದ ವೆಬ್ಬಿನಲ್ಲಿ ಕನ್ನಡ ಕಳ್ಳದಾರಿಯಲ್ಲಿ ಬಂತು. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್‌ಗಳು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಆಪ್ಲೆಟ್‌ನದು ಇನ್ನೂ ಕಷ್ಟ. ಅದರೊಳಗಿನ ಅಕ್ಷರ ಪುಟದ ಅಕ್ಷರವಲ್ಲ, ಒಂದು ಆಯತದೊಳಗೆ ಬಿಡಿಸಿದ ಚಿತ್ರ. ಹುಡುಕುವ ಯಂತ್ರಕ್ಕೆ ಅದು ಕಾಣುತ್ತಿರಲಿಲ್ಲ. ಅಷ್ಟಿಷ್ಟು ಕನ್ನಡ ಒಳಗೆ ಹೋದರೂ ಅದು ಪೆಟ್ಟಿಗೆಯೊಳಗಿನ ಕನ್ನಡ. ಬೀಗ ಹೊರಗಿನಿಂದ.

ಆನೆಗಳ ಕಾಳಗ

1997ರ ಅಕ್ಟೋಬರಿನಲ್ಲಿ ಸನ್ ಕಂಪನಿ ಮೈಕ್ರೋಸಾಫ್ಟ್ ಮೇಲೆ ದಾವೆ ಹೂಡಿತು. ‘ನಮ್ಮ ಜಾವಾವನ್ನು ನಿಮ್ಮ ವಿಂಡೋಸ್‌ಗೆ ಬೇಕಾದಂತೆ ತಿರುಚಿದ್ದೀರಿ’ ಎಂಬುದು ದೂರು. 2001ರ ಜನವರಿಯಲ್ಲಿ 2 ಕೋಟಿ ಡಾಲರಿಗೆ ರಾಜಿಯಾಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು.

ಕೂಸು ಯಾವುದು? ನೋಡಿ. ವಿಂಡೋಸ್ 2000 ಬಂದಾಗ ದೇವನಾಗರಿಗೂ ತಮಿಳಿಗೂ ಅದರಲ್ಲಿ ಜಾಗವಿತ್ತು, ಕನ್ನಡಕ್ಕಿರಲಿಲ್ಲ. 2001ರ ಅಕ್ಟೋಬರಿನಲ್ಲಿ ವಿಂಡೋಸ್ ಎಕ್ಸ್‌ಪಿ ಬಂತು. ಅದರಲ್ಲಿ ಕನ್ನಡ ಬಂತು, ‘ತುಂಗಾ’ ಎಂಬ ಫಾಂಟೂ ಬಂತು. ಆದರೆ ತಾನಾಗಿ ಅಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ‘ಸಂಕೀರ್ಣ ಲಿಪಿ’ಗಳ ಮುಂದೆ ಗುರುತು ಹಾಕಿ, ಸಿ.ಡಿ. ತುರುಕಿ ಪಡೆಯಬೇಕಿತ್ತು. ಮನೆಯಲ್ಲಿ ನಮ್ಮ ಭಾಷೆ ಉಂಟು, ಆದರೆ ಅಟ್ಟದ ಮೇಲೆ! ಅದೇ ಎಕ್ಸ್‌ಪಿ ಹೊರಬಂದಾಗ ಅದರ ಜೊತೆಗೆ ಜಾವಾ ಇರಲಿಲ್ಲ, ಬೇಕಾದವರು ಬೇರೆಯಾಗಿ ಇಳಿಸಿಕೊಳ್ಳಬೇಕು. ಕನ್ನಡ ಒಳಗೆ ಕಾಲಿಟ್ಟಾಗ ಜಾವಾ ಹೊರಗೆ. ಇದನ್ನು ಯಾರೂ ಕನ್ನಡದ ಮೇಲಿನ ಹಗೆಯಿಂದ ಮಾಡಲಿಲ್ಲ. ಅವರ ಲೆಕ್ಕದಲ್ಲಿ ನಾವು ಇರಲೇ ಇಲ್ಲ. ಹಗೆಗಿಂತ ಇದು ಹೆಚ್ಚು ಅವಮಾನ!

2002ರಲ್ಲಿ ಜಾವಾ 1.4 ಬಂದಾಗ ಹೊಸದಾಗಿ ಸೇರಿದ್ದು ಹಿಂದಿ ಮತ್ತು ಥಾಯ್. ಕನ್ನಡ? ಇಲ್ಲ. ಅಕ್ಷರ ಜೋಡಿಸುವ ಕೆಲಸ ಆಮೇಲಾಮೇಲೆ ಸುಧಾರಿಸಿತು. ಆದರೆ 2014ರ ಜಾವಾ 8ರವರೆಗೂ ಜಾವಾದ ಸ್ವಂತ ಭಾಷಾಪಟ್ಟಿಯಲ್ಲಿ ಭಾರತಕ್ಕೆ ಹಿಂದಿ ಮತ್ತು ಇಂಗ್ಲಿಷ್ ಮಾತ್ರ. ಇಂಗ್ಲಿಷ್ ಕಂಪ್ಯೂಟರಿನಲ್ಲಿ ‘ಇವತ್ತಿನ ವಾರ ಕನ್ನಡದಲ್ಲಿ ಹೇಳು’ ಎಂದರೆ ಅದು ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಎಲ್ಲ ಭಾಷೆಗಳಿಗಾಗಿ ಇರುವ ಸಿಎಲ್‌ಡಿಆರ್ ಎಂಬ ಸಾರ್ವಜನಿಕ ಭಂಡಾರದ ಮಾಹಿತಿ ಜಾವಾ 8ರಲ್ಲಿ ಸೇರಿತಾದರೂ, ಕೇಳಿದವರಿಗೆ ಮಾತ್ರ. ಕೇಳದೆಯೇ ಸಿಕ್ಕಿದ್ದು ಜಾವಾ 9ರಲ್ಲಿ, 2017ರ ಸೆಪ್ಟೆಂಬರಿನಲ್ಲಿ.

ಬಾಗಿಲು ಮುಚ್ಚಿತು

ಅಷ್ಟರಲ್ಲಿ ಮರಳಿನ ಅಂಕಣದ ಬೇಲಿ ಮುರಿದಿತ್ತು. ಜಾವಾ ಪ್ಲಗಿನ್ನಿನ ತೂತುಗಳಲ್ಲಿ ಕಳ್ಳರು ನುಗ್ಗಿದರು. 2013ರ ಜನವರಿಯಲ್ಲಿ ಅಮೆರಿಕದ ಆಂತರಿಕ ಭದ್ರತಾ ಇಲಾಖೆಯೇ ‘ಬ್ರೌಸರಿನಲ್ಲಿ ಜಾವಾ ಆರಿಸಿ’ ಎಂದು ಜನರಿಗೆ ಹೇಳಿತು. 2007ರಲ್ಲಿ ಬಂದ ಐಫೋನ್ ಆಪ್ಲೆಟ್ಟನ್ನು ಮೊದಲಿನಿಂದಲೂ ಒಳಗೆ ಬಿಟ್ಟಿರಲಿಲ್ಲ. 2015ರ ಸೆಪ್ಟೆಂಬರಿನಲ್ಲಿ ಕ್ರೋಮ್ 45 ಹಳೆಯ ಪ್ಲಗಿನ್ ವ್ಯವಸ್ಥೆಯನ್ನೇ ಕಿತ್ತುಹಾಕಿತು. 2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ 52 ಜಾವಾಕ್ಕೆ ಬಾಗಿಲು ಹಾಕಿತು. ಅದೇ ವರ್ಷದ ಜಾವಾ 9ರಲ್ಲಿ ಆಪ್ಲೆಟ್ ವ್ಯವಸ್ಥೆ ‘ಇನ್ನು ಬಳಸಬೇಡಿ’ ಪಟ್ಟಿಗೆ ಸೇರಿತು. 2018ರ ಜಾವಾ 11ರಲ್ಲಿ ಪ್ಲಗಿನ್ನೂ ಇಲ್ಲ, ಆಪ್ಲೆಟ್‌ವ್ಯೂವರೂ ಇಲ್ಲ.

ನೋಡಿದಿರಾ? ಒಂದೇ ಜಾವಾ 9! ಒಂದು ಕೈಯಲ್ಲಿ ಕನ್ನಡಕ್ಕೆ ಸ್ವಾಗತ, ಇನ್ನೊಂದು ಕೈಯಲ್ಲಿ ಆಪ್ಲೆಟ್‌ಗೆ ಬೀಳ್ಕೊಡುಗೆ.

ನಾವೇನು ಮಾಡುತ್ತಿದ್ದೆವು?

ಎಲ್ಲ ತಪ್ಪನ್ನೂ ಅಮೆರಿಕದ ಕಂಪನಿಗಳ ತಲೆಗೆ ಕಟ್ಟುವುದು ಸುಲಭ. ಅದು ಹೋರಾಟವಲ್ಲ, ಗೊಣಗಾಟ. ನಮ್ಮ ಎಲೆಯಲ್ಲಿ ಏನು ಬಿದ್ದಿದೆ ನೋಡೋಣ.

2006ರ ನವೆಂಬರಿನಲ್ಲಿ ಸನ್ ಕಂಪನಿ ಜಾವಾದ ಮೂಲವನ್ನು ಮುಕ್ತ ಪರವಾನಗಿಯಡಿ ಬಿಚ್ಚಿಡಲು ಶುರು ಮಾಡಿತು. ಅಲ್ಲಿಂದ ಜಾವಾ 9ರವರೆಗೆ ಹನ್ನೊಂದು ವರ್ಷ. ಕನ್ನಡದ ಹನ್ನೆರಡು ತಿಂಗಳು, ಏಳು ವಾರಗಳ ಹೆಸರನ್ನು ಪಟ್ಟಿ ಮಾಡುವುದು ಎಷ್ಟು ಹೊತ್ತಿನ ಕೆಲಸ? ಒಂದು ಭಾನುವಾರದ ಮಧ್ಯಾಹ್ನದ್ದು! ಜಾವಾ ಗೊತ್ತಿರುವ ಹುಡುಗರಿಗೆ ಬೆಂಗಳೂರಿನಲ್ಲಿ ಬರವಿತ್ತೇ? ಬೀದಿಗೊಂದು ಕಂಪ್ಯೂಟರ್ ತರಬೇತಿ ಕೇಂದ್ರ, ಕೇಂದ್ರಕ್ಕೊಂದು ಜಾವಾ ಕೋರ್ಸು. ಜಗತ್ತಿನ ಬ್ಯಾಂಕುಗಳ ಲೆಕ್ಕ ಇಲ್ಲಿ ಕೂತು ಬರೆದವರು ನಾವು. ದೀಪದ ಬುಡದಲ್ಲೇ ಕತ್ತಲು.

ನಮ್ಮ ಪಠ್ಯಕ್ರಮದ ಕಥೆ ಕೇಳಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ವಿಭಾಗದ ನಾಲ್ಕನೇ ಸೆಮಿಸ್ಟರಿಗೆ ಆಪ್ಲೆಟ್ ಪಾಠವಿತ್ತು. ಆ ವರ್ಷ ಸೇರಿದವರು ನಾಲ್ಕನೇ ಸೆಮಿಸ್ಟರಿಗೆ ಬಂದದ್ದು 2017ರಲ್ಲಿ, ಬ್ರೌಸರ್‌ಗಳು ಬಾಗಿಲು ಹಾಕಿಕೊಂಡ ಹೊತ್ತಿಗೆ! ಹೊರಗೆ ಶವಯಾತ್ರೆ, ಒಳಗೆ ಜಾತಕ ಪಾಠ. ಕಲಿಸುವವರು ಹೇಳಬೇಕಿದ್ದ ನಿಜವಾದ ಪಾಠ ಬೇರೆ ಇತ್ತು: ಇದು ಏಕೆ ಸತ್ತಿತು? ಯಾರ ಕೈಯಲ್ಲಿತ್ತು? ಇದರಲ್ಲಿ ನಮ್ಮ ನುಡಿ ಏಕೆ ಓಡಲಿಲ್ಲ?

ಉಳಿದವರು ಯಾರು?

ಆಪ್ಲೆಟ್‌ಗಳೆಲ್ಲ ಸತ್ತವೇ? ಇಲ್ಲ. ಗಣಿತ ಕಲಿಸುವ ಜಿಯೋಜೀಬ್ರಾ ಜಾವಾದಲ್ಲಿ ಹುಟ್ಟಿದ್ದು, ಆಪ್ಲೆಟ್ ಆಗಿ ಶಾಲೆಗಳಿಗೆ ಹೋದದ್ದು. ಅದರ ಕರ್ತೃಗಳು ಮೂಲವನ್ನು ಇಟ್ಟುಕೊಂಡಿದ್ದರು, ಎಚ್‌ಟಿಎಂಎಲ್ 5ಕ್ಕೆ ಸಾಗಿಸಿದರು. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಫೆಟ್ ವಿಜ್ಞಾನ ಪ್ರಯೋಗಗಳಲ್ಲೂ ಹಲವು ಜಾವಾದವು. ಅವನ್ನೂ ಒಂದೊಂದಾಗಿ ಎಚ್‌ಟಿಎಂಎಲ್ 5ಕ್ಕೆ ಮತ್ತೆ ಬರೆದರು. ಉಳಿದ ಕೆಲವನ್ನು ಚೀರ್ಪ್‌ಜೆ ಎಂಬ ಸಾಧನದಿಂದ ಪ್ಲಗಿನ್ ಇಲ್ಲದೆಯೇ ಇಂದಿನ ಬ್ರೌಸರಿನಲ್ಲಿ ಓಡಿಸುತ್ತಾರೆ. ಸ್ವಯಂಸೇವಕರು ಫೆಟ್ ಪ್ರಯೋಗಗಳನ್ನು ಬೇರೆ ಬೇರೆ ಭಾಷೆಗಳಿಗೆ ತಂದಿದ್ದಾರೆ. ಅವುಗಳಲ್ಲಿ ಕನ್ನಡವೂ ಇದೆ.

ಗುಟ್ಟು ಅರ್ಥವಾಯಿತೇ? ಮೂಲ ಯಾರ ಬಳಿ ಇತ್ತೋ, ಅದನ್ನು ಮತ್ತೆ ಬರೆಯುವ ಕೈ ಯಾರ ಬಳಿ ಇತ್ತೋ ಅವರ ಆಪ್ಲೆಟ್ ಬದುಕಿತು. ಬರೀ ಕ್ಲಾಸ್ ಕಡತ ಇಟ್ಟುಕೊಂಡು ಕೂತವರದು ಬಹುತೇಕ ಮಣ್ಣಾಯಿತು.

‘ಈಗ ಎಲ್ಲ ಸರಿಹೋಗಿದೆಯಲ್ಲ, ಮೊಬೈಲಿನಲ್ಲಿ ಕನ್ನಡ ಚೆನ್ನಾಗಿಯೇ ಕಾಣುತ್ತದೆ’ ಎನ್ನುವವರಿದ್ದಾರೆ. ನಿಜ, ಕಾಣುತ್ತದೆ. ಆದರೆ ಆಪ್ಲೆಟ್ ಇದ್ದ ಜಾಗದಲ್ಲಿ ಇವತ್ತು ಏನಿದೆ? ಆ್ಯಪ್! ಅದೂ ಮುಚ್ಚಿದ ಪೆಟ್ಟಿಗೆಯೇ. ಅದನ್ನು ಅಂಗಡಿಯಲ್ಲಿ ಇಡುವವರು, ತೆಗೆಯುವವರು ಎರಡು ಕಂಪನಿಗಳು. ಕನ್ನಡದ ಪಾಠ, ಪದಕೋಶ, ಆಟ, ಮಕ್ಕಳ ಕಥೆಗಳನ್ನೆಲ್ಲ ಆ ಪೆಟ್ಟಿಗೆಗೆ ತುಂಬಿ ಮೂಲವನ್ನು ಕಳೆದುಕೊಂಡರೆ, ಆಪ್ಲೆಟ್‌ಗೆ ಆದದ್ದೇ ಅದಕ್ಕೂ ಆಗುತ್ತದೆ. ಆಗ ಮತ್ತೆ ಎದೆ ಬಡಿದುಕೊಳ್ಳಬೇಕೇ?

ಆದ್ದರಿಂದ ನಮ್ಮ ಒತ್ತಾಯ ಇಷ್ಟು:

ಒಂದು, ಕನ್ನಡಿಗರ ತೆರಿಗೆ ಹಣದಲ್ಲಿ ಕೊಳ್ಳುವ ಪ್ರತಿ ತಂತ್ರಾಂಶದ ಮೂಲ ಸರ್ಕಾರದ ಕೈಯಲ್ಲಿರಬೇಕು, ಜನರಿಗೆ ತೆರೆದಿರಬೇಕು. ಅದರೊಳಗಿನ ಕನ್ನಡ ಯೂನಿಕೋಡಿನಲ್ಲಿರಬೇಕು, ಚಿತ್ರವಾಗಿ ಅಲ್ಲ.

ಎರಡು, ಎಂಜಿನಿಯರಿಂಗ್ ಪಠ್ಯಕ್ರಮದಲ್ಲಿ ಕನ್ನಡ ಲಿಪಿ ಪರದೆಗೆ ಹೇಗೆ ಬರುತ್ತದೆ ಎಂಬುದು ಪಾಠವಾಗಬೇಕು. ಅರ್ಕಾವತ್ತು ಗೊತ್ತಿಲ್ಲದ ಎಂಜಿನಿಯರ್ ಕನ್ನಡಕ್ಕೆ ಏನು ಕಟ್ಟಿಯಾನು?

ಮೂರು, ಇದು ಸರ್ಕಾರಕ್ಕಲ್ಲ, ನಿಮಗೆ. ತಿಂಗಳಿಗೊಂದು ಭಾನುವಾರ ಕನ್ನಡಕ್ಕೆ ಕೊಡಿ. ಫೆಟ್‌ನ ಒಂದು ಪ್ರಯೋಗ ಅನುವಾದಿಸಿ. ಸಿಎಲ್‌ಡಿಆರ್‌ನಲ್ಲಿ ಕನ್ನಡದ ತಪ್ಪು ಕಂಡರೆ ತಿದ್ದಲು ಅರ್ಜಿ ಹಾಕಿ. ಸರ್ಕಾರಿ ಶಾಲೆಯ ಮಗುವಿಗೆ ಲೋಲಕ ತೂಗುವ ಒಂದು ಪುಟ ಕನ್ನಡದಲ್ಲಿ ಬರೆಯಿರಿ. ಬರೆದು ಮೂಲವನ್ನು ಎಲ್ಲರಿಗೂ ಬಿಚ್ಚಿಡಿ.

ಒಮ್ಮೆ ಬರೆಯಿರಿ, ಎಲ್ಲೆಡೆ ಓಡಿಸಿ ಎಂದರು ಅವರು. ನಾವು ಹೇಳುವುದು ಬೇರೆ: ಕನ್ನಡದಲ್ಲಿ ಬರೆಯಿರಿ, ಮೂಲ ಉಳಿಸಿಕೊಳ್ಳಿ, ಬೀಗದ ಕೈ ಯಾರಿಗೂ ಕೊಡಬೇಡಿ!